ಶುಕ್ರವಾರದ ಕ್ಯಾನುಗಳು

ಅತೀಯಾಳ ಕೆಲಸವೇನು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು: ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಅಳೆಯುವುದು. ಹಾಗೆ ಹೇಳಿದಾಗಲೆಲ್ಲ ಕೇಳಿದವರು, "ಅದನ್ನೇನ್ ಅಳಿಯೂದ್ರಿ, ಮಳ್ಯಾಗ ಇಟ್ರ ತಾನ ಹಿಡೀತೈತಿ" ಎಂದು ನಕ್ಕಿದ್ದರು. ಅದಕ್ಕೇ ಈಚೆಗೆ ಅವಳು "ಕೆಮಿಸ್ಟ್ರಿ ಕಲಿಸ್ತೀನಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಗಂಗಾವತಿಯ ಒಂದು ಕಾಲೇಜಿನಲ್ಲಿ ಅವಳು ಹನ್ನೆರಡು ವರ್ಷದಿಂದ ಅತಿಥಿ ಉಪನ್ಯಾಸಕಿ. ಹನ್ನೆರಡು ವರ್ಷ ಮನೆಯಲ್ಲೇ ಉಳಿದವರನ್ನು ಇನ್ನೂ ಅತಿಥಿ ಎಂದು ಕರೆಯುವ ದೊಡ್ಡಸ್ತಿಕೆ ಕಾಲೇಜುಗಳಿಗೆ ಮಾತ್ರ ಸಾಧ್ಯ.

ಆ ಅತಿಥಿತನಕ್ಕೂ ಈಗ ಸಂಚಕಾರ ಬಂದಿತ್ತು. ಪಿಎಚ್‌ಡಿ ಇಲ್ಲದವರಿಗೆ ಮುಂದಿನ ವರ್ಷದಿಂದ ಪಾಠವಿಲ್ಲ ಎಂದು ಹೇಳಿಯಾಗಿತ್ತು. ಅತೀಯಾಳ ಪಿಎಚ್‌ಡಿ ಏಳು ವರ್ಷದಿಂದ ಕುಂಟುತ್ತಿತ್ತು. ಎರಡು ಸಲ ಅವಧಿ ಹೆಚ್ಚಿಸಿಕೊಂಡಿದ್ದಳು, ಮೂರನೆಯ ಸಲ ಕೊಡುವುದಿಲ್ಲ ಎಂದು ವಿಶ್ವವಿದ್ಯಾಲಯ ಬರೆದೇ ತಿಳಿಸಿತ್ತು. ದಸರಾ ರಜೆ ಮುಗಿದ ಸೋಮವಾರ ಥೀಸಿಸ್ ಕೊಡಬೇಕು. ಕೊಡದಿದ್ದರೆ ಏಳು ವರ್ಷವೂ ನೀರಿಗೆ ಹೋದಂತೆ. ಅವಳಿಗೆ ಮೂವತ್ತೊಂಬತ್ತು ವಯಸ್ಸು. ಕನ್ನಡಿಯ ಮುಂದೆ ನಿಂತರೆ ಐವತ್ತರ ಹೆಂಗಸೊಬ್ಬಳು ಬಂದು ನಿಲ್ಲುತ್ತಿದ್ದಳು.

ಪ್ರಯೋಗ ಕೇಳಲಿಕ್ಕೆ ಸರಳ. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಸಾಲುಸಾಲಾಗಿ ಉಕ್ಕಿನ ಪೈಪುಗಳಿರುತ್ತವೆ. ನೀರು ಕಾದು ಆವಿಯಾಗಿ ಭತ್ತ ಬೇಯುತ್ತದೆ. ಗದ್ದೆ ಸೀಮೆಯ ಬೋರಿನ ನೀರು ಉಪ್ಪು, ಪೈಪನ್ನು ಒಳಗಿಂದ ತಿನ್ನುತ್ತದೆ. ಅಂಥದೇ ಪೈಪಿನ ಉಕ್ಕನ್ನು ಎಂಟಾಣೆಯಷ್ಟು ಅಗಲದ ಬಿಲ್ಲೆಗಳಾಗಿ ಕತ್ತರಿಸಿ, ಗಾಜಿನ ಪಾತ್ರೆಯಲ್ಲಿ ಗಿರಣಿಯ ನೀರು ತುಂಬಿ, ಬಿಲ್ಲೆಯನ್ನು ಅದರಲ್ಲಿ ಇಳಿಬಿಟ್ಟು, ತೀರ ಸಣ್ಣಗೆ ಕರೆಂಟು ಹಾಯಿಸಬೇಕು. ಕಬ್ಬಿಣ ಎಷ್ಟು ಬೇಗ ತನ್ನನ್ನು ನೀರಿಗೆ ಬಿಟ್ಟುಕೊಡುತ್ತಿದೆ ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ವರ್ಷಗಟ್ಟಲೆ ಕಾದು ನೋಡುವುದನ್ನು ಮುಕ್ಕಾಲು ಗಂಟೆಯಲ್ಲಿ ಹೇಳಿಬಿಡುವ ಯಂತ್ರ. ಅದಕ್ಕೆ ಅತೀಯಾ ಹುಡುಕಿದ ಔಷಧ ತೌಡಿನ ಕಷಾಯ. ತೌಡನ್ನು ಕುದಿಸಿ, ಸೋಸಿ, ಆ ತಿಳಿಯನ್ನು ನೀರಿಗೆ ಬೆರೆಸಿದರೆ ಬಿಲ್ಲೆಯ ಮೇಲೆ ತೆಳ್ಳನೆಯ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ ಎಂಬುದು ಅವಳ ವಾದ.

ಆರು ವರ್ಷ ಆ ವಾದ ವಾದವಾಗಿಯೇ ಉಳಿದಿತ್ತು. ಹೋದ ವರ್ಷ ದಸರಾ ಮುಗಿದ ವಾರದಲ್ಲಿ ಮಾತ್ರ ಪವಾಡ ನಡೆಯಿತು. ಹನ್ನೆರಡು ಬಿಲ್ಲೆಗಳನ್ನು ಒಂದಾದ ಮೇಲೊಂದು ಇಳಿಬಿಟ್ಟಳು, ಹನ್ನೆರಡೂ ಒಂದೇ ಮಾತು ಹೇಳಿದವು: ತೌಡಿನ ತಿಳಿ ನೂರರಲ್ಲಿ ತೊಂಬತ್ತನಾಲ್ಕು ಪಾಲು ತುಕ್ಕನ್ನು ತಡೆಯುತ್ತದೆ. ಅವಳು ಮೊದಲು ಫೋನು ಮಾಡಿದ್ದು ಗಂಡ ರಫೀಗಲ್ಲ, ಅಪ್ಪನಿಗೆ.

ಅಪ್ಪ ಹೈದರಸಾಬರು ಸಿದ್ದಾಪುರದ ದಾರಿಯ ಒಂದು ಗಿರಣಿಯಲ್ಲಿ ಮೂವತ್ತೆಂಟು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವವರು. ಬೆಂಕಿಯ ಮುಂದೆ ನಿಂತು ನಿಂತು ಎದೆಯ ಮೇಲಿನ ಕೂದಲೆಲ್ಲ ಸುಟ್ಟುಹೋಗಿತ್ತು. ಮಗಳ ಮಾತು ಕೇಳಿ, ಬಾಯ್ಲರಿನ ಸದ್ದನ್ನೂ ಮೀರಿಸಿ, "ನನ್ನ ಮಗಳು ತುಕ್ಕಿಗೆ ಔಷಧ ಕಂಡುಹಿಡದಾಳ!" ಎಂದು ಇಡೀ ಗಿರಣಿಗೆ ಕೂಗಿ ಹೇಳಿದ್ದು ಅವಳಿಗೆ ಫೋನಿನಲ್ಲೇ ಕೇಳಿಸಿತ್ತು. ಅತೀಯಾ ಅವತ್ತು ನಕ್ಕಿದ್ದಳು. ಎಷ್ಟು ದಿನದ ಮೇಲೆ ನಕ್ಕಿದ್ದಳೆಂದರೆ ಕೆನ್ನೆ ನೋವಾಗಿತ್ತು.

ಜನವರಿಯಿಂದ ಅದೊಂದು ಪದ್ಧತಿಯೇ ಆಯಿತು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಹೈದರಸಾಬರು ಮಗಳ ಮನೆಗೆ ಬರುವುದು, ಉಂಡು, ಅವಳು ತಯಾರಿಸಿಟ್ಟ ಐದು ಲೀಟರಿನ ತೌಡಿನ ತಿಳಿಯ ಕ್ಯಾನನ್ನು ಗಾಡಿಗೆ ಕಟ್ಟಿಕೊಂಡು ಗಿರಣಿಗೆ ಒಯ್ಯುವುದು. ರಫೀ ಮದುವೆ ಮನೆಗಳಿಗೆ ಶಾಮಿಯಾನ ಹಾಕುವವನು, ಖಾಲಿ ನೀರಿನ ಕ್ಯಾನುಗಳಿಗೆ ಅವನಲ್ಲಿ ಬರವಿರಲಿಲ್ಲ. ಪ್ರತಿ ಕ್ಯಾನಿನ ಮೇಲೆ ಅತೀಯಾ ಚೀಟಿ ಅಂಟಿಸಿ ತಾರೀಖು ಬರೆಯುತ್ತಿದ್ದಳು, ಕೆಳಗೆ "ಅಲ್ಲಾಡಿಸಿ ಹಾಕುವುದು" ಎಂದು. ತಿಂಗಳಿಗೊಮ್ಮೆ ಅಪ್ಪ ಬಾಯ್ಲರಿನ ನೀರನ್ನು ಬಾಟಲಿಯಲ್ಲಿ ತಂದುಕೊಡುತ್ತಿದ್ದರು. ಯುಗಾದಿಯ ಹೊತ್ತಿಗೆ ಆ ನೀರಿನಲ್ಲಿ ಕಬ್ಬಿಣದ ಅಂಶ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಪೈಪು ಸವೆಯುವುದು ನಿಂತಿದೆ ಎಂದು ಅವಳು ಥೀಸಿಸ್ಸಿನ ಆರನೆಯ ಅಧ್ಯಾಯ ಬರೆದಳು.

ಎಲ್ಲ ಸರಿಯಾಗಿತ್ತು, ಮಾರ್ಗದರ್ಶಕ ಗೌತಮ ಸರ್ ಕಡೆಯ ಗಳಿಗೆಯಲ್ಲಿ ಒಂದು ಮಾತು ಹೇಳುವ ತನಕ. "ಬಾಯ್ಲರಿನ ನೀರು ಬಾವಿ ನೀರಿನಂಗ ಸುಮ್ನ ನಿಂತಿರೂದಿಲ್ಲ ಅತೀಯಾ, ಓಡ್ತಿರತೈತಿ. ನೀರು ತಿರುಗಿಸಿ ಒಂದ್ ಸಲ ಅಳೀರಿ. ಪರೀಕ್ಷಕರು ಕೇಳ್ತಾರ." ಅವಳು ಪಾತ್ರೆಯ ನೀರನ್ನು ತಿರುಗಿಸಿ ಅಳೆದಳು. ನೂರಕ್ಕೆ ಮೂವತ್ತೊಂದು. ನೀರಿನ ರಭಸಕ್ಕೆ ಪೊರೆ ಕಿತ್ತುಹೋಗಿರಬೇಕು ಎಂದುಕೊಂಡು, ನೀರನ್ನು ನಿಲ್ಲಿಸಿಯೇ ಮತ್ತೆ ಅಳೆದಳು. ಮೂವತ್ತಮೂರು. ಹೊಸ ತೌಡು ತಂದಳು, ಹೊಸ ಕಷಾಯ ಕುದಿಸಿದಳು. ಮೂವತ್ತು. ಹದಿನೈದು ದಿನ ಅದೇ ಹಾಡು. ಹೋದ ವರ್ಷದ ಆ ಹನ್ನೆರಡು ಬಿಲ್ಲೆಗಳು ಕಂಡ ಭಾಗ್ಯ ಈ ವರ್ಷದ ಒಂದಕ್ಕೂ ಇರಲಿಲ್ಲ. ಯಾಕೆ ಎಂದು ಯೋಚಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಆಯುಧಪೂಜೆಯ ದಿನ ಕಾಲೇಜಿಗೆ ರಜೆ, ಹಾಗಾಗಿ ಕಾಲೇಜಿನ ಪೂಜೆ ಒಂದು ದಿನ ಮೊದಲೇ. ಅತೀಯಾ ಬೆಳಗ್ಗೆ ಲ್ಯಾಬಿಗೆ ಬಂದಾಗ ಊದುಬತ್ತಿಯ ಹೊಗೆ ತುಂಬಿತ್ತು. ತಕ್ಕಡಿ, ಬರ್ನರು, ಕಂಪ್ಯೂಟರು ಎಲ್ಲದರ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಒಂದೊಂದು ಚೆಂಡುಹೂವು. ಹೋದ ವರ್ಷ ಇದೇ ದಿನ ಅವಳು ಉತ್ತರಪತ್ರಿಕೆ ತಿದ್ದಲು ಬಳ್ಳಾರಿಗೆ ಹೋಗಿದ್ದಳು. ಅದರ ಹಿಂದಿನ ವರ್ಷ ಜ್ವರ. ಈಗಿನ ಅಟೆಂಡರ್ ಬಂದ ಮೇಲೆ ಈ ಲ್ಯಾಬಿನ ಪೂಜೆಯನ್ನು ಅವಳು ಕಣ್ಣಾರೆ ನೋಡುತ್ತಿದ್ದದ್ದು ಇದೇ ಮೊದಲು.

ಲ್ಯಾಬಿನ ಅಟೆಂಡರ್ ಗುರುಲಿಂಗಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಅತೀಯಾಳ ಗಾಜಿನ ಡಬ್ಬಿ. ಎಮರಿ ಕಾಗದದಲ್ಲಿ ಮುಖ ಕಾಣುವ ತನಕ ತಿಕ್ಕಿ, ಅಸಿಟೋನಿನಲ್ಲಿ ತೊಳೆದು, ಗಾಳಿ ತಾಗದಂತೆ ಮುಚ್ಚಿಟ್ಟಿದ್ದ ಬಿಲ್ಲೆಗಳು ಅದರಲ್ಲಿದ್ದವು. ಗುರುಲಿಂಗಮ್ಮ ಒಂದೊಂದನ್ನೇ ತೆಗೆದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಅರಳೆ ಸವರಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಮತ್ತೆ ಒಳಗಿಡುತ್ತಿದ್ದಳು.

"ಏನ್ ಮಾಡಾಕತ್ತೀರಿ ಗುರುಲಿಂಗಮ್ಮಾರ?" ಎಂದು ಕೇಳಿದಳು ಅತೀಯಾ.

"ಖಂಡೇ ಪೂಜಿ ಅಲ್ರಿ ಮೇಡಂ. ಎಲ್ಲಾ ಸಾಮಾನಕ್ಕೂ ಮಾಡಿ ನಿಮ್ಮ ಬಿಲ್ಲಿಗೆ ಮಾಡ್ಲಿಲ್ಲಂದ್ರ ಹೆಂಗ? ಕುಂಕುಮ ಹಚ್ಚಿಲ್ರಿ ಮತ್ತ, ನಿಮ್ಮ ಪ್ರಯೋಗಕ್ಕ ಕೆಂಪು ಹತ್ತೂದು ಬ್ಯಾಡಂತ ಬರೇ ಎಣ್ಣಿ. ಅದನ್ನೂ ಕಾಣದಂಗ ಒರಸೀನಿ. ಹೋದ ವರ್ಷಾನೂ ಹಿಂಗ ಮಾಡಿದ್ನೆಲ್ರಿ."

"ಹೋದ ವರ್ಷಾನೂ."

"ಹ್ಞೂಂರಿ. ಹನ್ನೆರಡು ಇದ್ದೂವು. ನಾ ಬಂದಾಗಿಂದ ನೋಡಾಕತ್ತೀನಿ, ನೀವು ತಿಕ್ಕಿ ತಿಕ್ಕಿ ಇಡೂದು, ಅವು ತುಕ್ಕು ಹಿಡಿಯೂದು, ನೀವು ಮಾರಿ ಸಣ್ಣ ಮಾಡ್ಕೊಂಡು ಕುಂದರೂದು. ನನಗ ಹೊಟ್ಟಿ ಚುರ್ ಅಂತಿತ್ತು. ಎಣ್ಣಿ ಹಚ್ಚಿದ್ರ ಕುಡಗೋಲಿಗೇ ತುಕ್ಕು ಬರೂದಿಲ್ಲ, ಇವಕ್ಕ ಬರ್ತೈತೇನು ಅಂತ ಎರಡೆರಡು ಸಲ ಹಚ್ಚಿದ್ದೆ. ಆಮ್ಯಾಲ ನೀವು ಎಷ್ಟು ಖುಷಿ ಆಗಿದ್ರಿ! ಪೇಡೆ ಕೊಟ್ಟಿದ್ರಿ ನನಗ."

ಅತೀಯಾ ಸ್ಟೂಲಿನ ಮೇಲೆ ಕೂತಳು. ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಎಲ್ಲವೂ ಲೆಕ್ಕ ಬಿಡಿಸಿದಷ್ಟು ಸ್ಪಷ್ಟವಾಗಿತ್ತು. ತೌಡಿಲ್ಲದ ಬರಿ ನೀರಿನಲ್ಲಿ ಅವಳು ಅಳೆದದ್ದು ಪೂಜೆಗೆ ಮುಂಚೆ, ಎಣ್ಣೆ ಕಾಣದ ಬಿಲ್ಲೆಗಳನ್ನು. ತೌಡಿನ ನೀರಿನಲ್ಲಿ ಅಳೆದದ್ದು ಪೂಜೆಯ ನಂತರ, ಗುರುಲಿಂಗಮ್ಮ ಎರಡೆರಡು ಸಲ ಎಣ್ಣೆ ಹಚ್ಚಿದ ಬಿಲ್ಲೆಗಳನ್ನು. ಒಮ್ಮೆ ತೊಳೆದಿಟ್ಟಾಯಿತಲ್ಲ, ಮತ್ತೇಕೆ ತೊಳೆಯುವುದು ಎಂದು ಅವಳು ಡಬ್ಬಿಯಿಂದ ನೇರವಾಗಿ ನೀರಿಗೆ ಬಿಟ್ಟಿದ್ದಳು. ಏಳು ವರ್ಷದಲ್ಲಿ ಅವಳು ಮಾಡಿದ್ದ ಒಂದೇ ಒಂದು ಸೋಮಾರಿತನ ಅದು.

ಆದರೂ ಅವಳು ಅಳೆಯುವವಳು, ಊಹೆಯನ್ನು ಊಹೆಯಾಗಿ ಬಿಡುವವಳಲ್ಲ. ಗುರುಲಿಂಗಮ್ಮನ ಕೈಯಿಂದಲೇ ಎಣ್ಣೆ ಸವರಿದ ಒಂದು ಬಿಲ್ಲೆಯನ್ನು ಇಸಿದುಕೊಂಡು ಗಿರಣಿಯ ಬರಿ ನೀರಿನಲ್ಲಿ ಇಳಿಬಿಟ್ಟಳು. ತೌಡಿನ ತಿಳಿ ಒಂದು ಹನಿಯನ್ನೂ ಹಾಕಲಿಲ್ಲ. ಯಂತ್ರದ ಹಣೆಯ ಮೇಲಿನ ವಿಭೂತಿ ಒಣಗಿ ಬಿಳಿಚಿಕೊಳ್ಳುವ ಹೊತ್ತಿಗೆ ಗೆರೆ ಮೂಡಿತು. ಲೆಕ್ಕ ಹಾಕಿದಳು. ತೊಂಬತ್ತೆರಡು.

"ಛಲೋ ಬಂತೇನ್ರಿ ಮೇಡಂ?" ಎಂದು ಗುರುಲಿಂಗಮ್ಮ ಆಸೆಯಿಂದ ಬಗ್ಗಿ ನೋಡಿದಳು.

"ಭಾಳ ಛಲೋ ಬಂತ್ರಿ," ಎಂದಳು ಅತೀಯಾ. ಬೇರೆ ಏನು ಹೇಳುವುದು? ಆ ಹೆಂಗಸು ಒಡೆದ ತೆಂಗಿನಕಾಯಿಯ ಹೋಳೊಂದನ್ನು ಅವಳ ಚೀಲದಲ್ಲಿ ಇಟ್ಟಳು.

ವರಾಂಡಕ್ಕೆ ಬಂದು ಗೌತಮ ಸರ್‌ಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಕೇಳಿದರು, ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಮಾರ್ಚಿನಲ್ಲಿ ನಿವೃತ್ತಿ, ಅಷ್ಟರಲ್ಲಿ ತಮ್ಮ ಕೈಕೆಳಗಿನ ಕಡೆಯ ವಿದ್ಯಾರ್ಥಿನಿ ದಡ ಸೇರಲಿ ಎಂಬುದಷ್ಟೇ ಅವರ ಆಸೆ.

"ಬಿಲ್ಲೆಗಳನ್ನ ಅಸಿಟೋನಿನಿಂದ ತೊಳದೀನಿ ಅಂತ ಥೀಸಿಸ್‌ನ್ಯಾಗ ಬರದೀರಿ ಹೌದಿಲ್ಲೋ?" ಎಂದರು ಕೊನೆಗೆ.

"ಬರದೀನ್ರಿ."

"ತೊಳದಿದ್ದು ಖರೇ ಐತಿ. ಮತ್ತ ಯಾಕ ತಲಿ ಕೆಡಿಸ್ಕೋತೀರಿ? ಸೋಮವಾರ ತಂದ್ ಕೊಡ್ರಿ. ಇವನ್ನೆಲ್ಲ ಯಾರ್ ಓದ್ತಾರ ಅತೀಯಾ? ಕಪಾಟಿನ್ಯಾಗ ಕುಂದರ್ತಾವ. ನನ್ನದೂ ಕುಂತೈತಿ, ಇಪ್ಪತ್ತೆಂಟು ವರ್ಷ ಆತು."

"ನಮ್ಮ ಅಬ್ಬಾ ಬಾಯ್ಲರಿಗೆ ಹಾಕಾಕತ್ತಾರ್ರಿ ಸರ್, ಜನವರಿಯಿಂದ."

"ಅದನ್ನ ಇವತ್ತ ನಿಲ್ಲಿಸ್ರಿ," ಎಂದರು. "ಥೀಸಿಸ್ ಮಾತ್ರ ಕೊಡ್ರಿ. ಇನ್ನೊಂದು ಅವಧಿ ಕೊಡೂದಿಲ್ಲ, ಗೊತ್ತೈತೆಲ್ಲ?"

ಸಿದ್ದಾಪುರದ ಬಸ್ಸಿನಲ್ಲಿ ಕೂತಾಗ ಅತೀಯಾಳಿಗೆ ಥೀಸಿಸ್ಸು ನೆನಪಿಗೆ ಬರಲಿಲ್ಲ. ಜನವರಿಯ ಒಂದು ಮಾತು ನೆನಪಿಗೆ ಬಂತು. ಊಟದ ತಟ್ಟೆಯ ಮುಂದೆ ಕೂತು ಅಪ್ಪ ಹಿಗ್ಗಿನಿಂದ ಹೇಳಿದ್ದರು, ಮಗಳ ಔಷಧ ಹಾಕುವುದಾದರೆ ಈ ವರ್ಷ ಹಳೆಯ ಪೈಪು ಬದಲಾಯಿಸುವುದೇ ಬೇಡ ಎಂದು ಗಿರಣಿಯ ಸಾಹುಕಾರರು ಅಂದಿದ್ದಾರೆ ಎಂದು. ಅವಳು ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ್ದಳು, ಅಷ್ಟೆ. ಈಗ ಒಂಬತ್ತು ತಿಂಗಳಾಗಿತ್ತು. ಸವೆದ ಪೈಪು ಹಾಗೇ ಉಳಿದಿದೆ, ಅದನ್ನು ಕಾಯಬೇಕಾದ ಔಷಧ ನೂರಕ್ಕೆ ಮೂವತ್ತರ ಕೆಲಸವನ್ನಷ್ಟೇ ಮಾಡುವಂಥದು, ಅದರ ಮುಂದೆ ದಿನಕ್ಕೆ ಎಂಟು ತಾಸು ಅರವತ್ತನಾಲ್ಕು ವರ್ಷದ ಅಪ್ಪ ನಿಂತಿರುತ್ತಾರೆ. ಪೈಪು ಬಿರಿದರೆ ಏನಾಗುತ್ತದೆ ಎಂದು ಅವಳಿಗೆ ಓದಿ ತಿಳಿದದ್ದಲ್ಲ. ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ಪಕ್ಕದ ಗಿರಣಿಯ ಮದಾರಸಾಬ ಚಾಚಾನನ್ನು ಬಾಳೆ ಎಲೆಯ ಮೇಲೆ ಮಲಗಿಸಿ ತಂದಿದ್ದನ್ನು ಕಂಡಿದ್ದಳು.

ಕಿಟಕಿಯ ಹೊರಗೆ ಭತ್ತ ಹೊಡೆ ಬಿಟ್ಟು ನಿಂತಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಮರಳಿ ಊರಿನ ಹತ್ತಿರ ಬಸ್ಸು ನಿಂತಿತು. ಟ್ರ್ಯಾಕ್ಟರುಗಳನ್ನು ತೊಳೆದು ಬಾಳೆಕಂಬ ಕಟ್ಟುತ್ತಿದ್ದರು. ಬೇಗ ಹೋಗಬಾರದೇ ಎಂದು ಅವಳು ಮನಸ್ಸಿನಲ್ಲೇ ಡ್ರೈವರನಿಗೆ ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು.

ಗಿರಣಿ ನಿಂತಿತ್ತು. ನಾಳೆಯ ಪೂಜೆಗೆಂದು ಬಾಯ್ಲರನ್ನು ಆರಿಸಿ ತೊಳೆಯಲು ಬಿಟ್ಟಿದ್ದರು. ಆ ಸದ್ದಿಲ್ಲದ ಬಾಯ್ಲರ್ ಮನೆಯಲ್ಲಿ ಹೈದರಸಾಬರು ಏಣಿ ಹತ್ತಿ, ಸುಣ್ಣ ಬಳಿದ ಬಾಯ್ಲರಿನ ನೆತ್ತಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಮೂವತ್ತೆಂಟು ವರ್ಷದಿಂದ ಈ ಬಾಯ್ಲರಿಗೆ ವಿಭೂತಿ ಎಳೆಯುವವರು ಅವರೇ. ಬೇರೆ ಯಾರು ಎಳೆದರೂ ಹಮಾಲರು ಒಪ್ಪುವುದಿಲ್ಲ. ಮನೆಯಲ್ಲಿ ಅಪ್ಪ ಮಗಳ ಮಾತೆಲ್ಲ ಉರ್ದುವಿನಲ್ಲಿ, ಗಿರಣಿಯ ಗೇಟು ದಾಟಿದರೆ ಹೈದರಸಾಬರ ಬಾಯಲ್ಲಿ ಕನ್ನಡವೇ, ಮಗಳ ಜೊತೆಗೂ.

"ಇದೇನವ್ವಾ, ಮಂಗಳವಾರ ಬಂದಿ? ನಿನ್ನ ಕ್ಯಾನ್ ಶುಕ್ರವಾರ ಅಲ್ಲೇನು?"

"ಅಬ್ಬಾ, ಕೆಳಗ ಇಳೀರಿ."

ಇಳಿದು ಬಂದರು. ಹೇಳಬೇಕಾದದ್ದನ್ನು ಅವಳು ಬಸ್ಸಿನಲ್ಲಿ ಹತ್ತು ಥರ ಜೋಡಿಸಿಕೊಂಡಿದ್ದಳು, ಇಲ್ಲಿ ಒಂದೂ ನೆನಪಾಗಲಿಲ್ಲ. "ನನ್ನ ಔಷಧ ಸುಳ್ಳು ಅಬ್ಬಾ. ಅದು ತುಕ್ಕು ತಡಿಯೂದಿಲ್ಲ. ಅವತ್ತು ತಡದದ್ದು ಗುರುಲಿಂಗಮ್ಮ ಪೂಜಿಗೆ ಹಚ್ಚಿದ ಎಣ್ಣಿ. ಇನ್ನ ಮ್ಯಾಲ ಒಂದ್ ಹನಿ ಹಾಕಬ್ಯಾಡ್ರಿ. ಪೈಪ್ ಬದಲಿ ಮಾಡೂತನಕ ಬೆಂಕಿ ಹಚ್ಚಬ್ಯಾಡ್ರಿ. ಸಾಹುಕಾರ್ರಿಗೆ ನಾನ ಹೇಳ್ತೀನಿ, ತಪ್ಪು ನಂದ."

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ದುಃಖದ್ದಲ್ಲ, ಬರಿ ದಣಿವಿನದು. ಹೈದರಸಾಬರು ಕೈಗೆ ಮೆತ್ತಿದ ಸುಣ್ಣವನ್ನು ಲುಂಗಿಗೆ ಒರೆಸಿಕೊಂಡು ಮಗಳ ಮುಖವನ್ನೇ ನೋಡಿದರು. ಗಾಬರಿಯಾಗಲಿಲ್ಲ. ಕಳ್ಳತನ ಸಿಕ್ಕಿಬಿದ್ದವರ ಹಾಗೆ ನೆಲ ನೋಡಿದರು.

"ಪೈಪ್ ಬದಲಿ ಮಾಡಿ ಆರು ತಿಂಗಳಾತು," ಎಂದರು.

"ಏನ್?"

"ಯುಗಾದಿಗೆ ಮುಂಚೆ ನಾಕು ದಿನ ನಿಂದರಿಸಿದ್ವೆಲ್ಲ ಬಾಯ್ಲರು, ಆವಾಗ. ಸುತಿಗಿಲೆ ಬಡದು ನೋಡಿದ್ದೆ. ಹದಿನೆಂಟು ಪೈಪು ಒಡಕ ಗಡಗಿ ಸಪ್ಪಳ ಮಾಡಿದ್ವು. ಬದಲಿ ಮಾಡ್ರಿ, ಇಲ್ಲಂದ್ರ ನಾ ನಾಳಿಯಿಂದ ಬರೂದಿಲ್ಲ ಅಂತ ಸಾಹುಕಾರ್ರಿಗೆ ಹೇಳಿದೆ. ಮಾಡಿಸಿದ್ರು."

ಅತೀಯಾಳಿಗೆ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಯುಗಾದಿಯ ಹೊತ್ತಿಗೆ ನೀರಿನಲ್ಲಿ ಕಬ್ಬಿಣ ಇಳಿದದ್ದು ಅದಕ್ಕೇ. ಹೊಸ ಪೈಪು. ಆರನೆಯ ಅಧ್ಯಾಯವೂ ಹೋಯಿತು.

"ಔಷಧ ಹಾಕಿದ್ರೂ ಬದಲಿ ಮಾಡಿಸಿದ್ರಾ?" ಎಂದು ಕೇಳಿದಳು.

ಹೈದರಸಾಬರು "ಬಾ" ಎಂದು ಮುಂದೆ ನಡೆದರು. ಬಾಯ್ಲರ್ ಮನೆಯ ಹಿಂದೆ ಹೊಟ್ಟಿನ ರಾಶಿ, ಅದರ ಹಿಂದೆ ಹಳೆಯ ತಗಡಿನ ಮಾಡು. ತಗಡನ್ನು ಸರಿಸಿದರು. ಹುಳಿ ವಾಸನೆ ಮುಖಕ್ಕೆ ಬಡಿಯಿತು.

ಕ್ಯಾನುಗಳು. ಗೋಡೆಗೆ ಹೊಂದಿಸಿ ಮೂರು ಸಾಲು. ಮೊದಲನೆಯದರ ಮೇಲೆ ಜನವರಿಯ ಮೊದಲ ಶುಕ್ರವಾರದ ತಾರೀಖು, ಕೊನೆಯದರ ಮೇಲೆ ಹೋದ ವಾರದ್ದು. ಎಲ್ಲದರ ಮೇಲೂ ಅವಳದೇ ಅಕ್ಷರದಲ್ಲಿ ಅಲ್ಲಾಡಿಸಿ ಹಾಕುವುದು, ಅಲ್ಲಾಡಿಸಿ ಹಾಕುವುದು. ಹಳೆಯವು ಹುದುಗೆದ್ದು ಹೊಟ್ಟೆ ಉಬ್ಬಿಸಿಕೊಂಡಿದ್ದವು, ಎರಡು ಬಿರಿದು ಒಣಗಿದ್ದವು. ಒಂದರ ಮುಚ್ಚಳವನ್ನೂ ಯಾರೂ ತೆರೆದಿರಲಿಲ್ಲ, ಮೊದಲನೆಯದನ್ನು ಬಿಟ್ಟು.

"ಒಂದೂ ಹಾಕಿಲ್ಲ," ಎಂದಳು ಅತೀಯಾ.

"ಹಾಕಬೇಕಂತನ ತಂದಿದ್ದೆ ಮೊದಲ್ನೇದು. ನೀರಿನ ಟಾಕಿ ಮುಚ್ಚಳಾನೂ ತಗದಿದ್ದೆ. ಕೈ ಮುಂದ ಹೋಗ್ಲಿಲ್ಲ. ಒಂದು ಬಕೀಟಿನ್ಯಾಗ ಕುದಿಯೂ ನೀರು ತಗೊಂಡು ಅದರಾಗ ಅರ್ಧ ಗ್ಲಾಸು ಹಾಕಿ ನೋಡಿದೆ. ನೊರಿ ಬಂತವ್ವಾ. ಹಾಲು ಉಕ್ಕಿದಂಗ ಉಕ್ಕಿ ಬಂತು."

"ನೊರಿ ಬಂದ್ರ?"

ಹೈದರಸಾಬರಿಗೆ ಆಶ್ಚರ್ಯವಾಯಿತು. ಇಷ್ಟು ಓದಿದವಳಿಗೆ ಇದು ಗೊತ್ತಿಲ್ಲವೇ ಎಂಬ ಆಶ್ಚರ್ಯ. "ಬಾಯ್ಲರಿನ್ಯಾಗ ನೀರು ಎಷ್ಟೈತಿ ಅಂತ ನಾವು ನೋಡೂದು ಮುಂದಿನ ಗಾಜಿನ ನಳಗಿಯೊಳಗ. ನೀರು ನೊರಿ ಕಟ್ಟಿದ್ರ ನಳಗಿ ತುಂಬಿದಂಗ ಕಾಣ್ತೈತಿ, ಒಳಗ ಖಾಲಿ ಆಗಾಕತ್ತಿರತೈತಿ. ನೀರೈತಿ ಅಂತ ಬೆಂಕಿ ಹಾಕ್ಕೋತ ಹೋದ್ರ ಪೈಪು ಒಣಗಿ ಕೆಂಪಗಾಗ್ತಾವ. ಆಮ್ಯಾಲ ಮುಗೀತು. ಮದಾರಸಾಬಗ ಹಂಗ ಆಗಿದ್ದು. ಅಲ್ಲಿ ಎಣ್ಣಿ ಸೇರಿತ್ತು, ಇಲ್ಲಿ ತೌಡು, ಅಷ್ಟ ಫರಕು."

ಅತೀಯಾ ಒಂದು ಕ್ಯಾನಿನ ಮೇಲೆ ಕೈಯಿಟ್ಟಳು. ಏಳು ವರ್ಷ ಅವಳು ಕೇಳಿದ್ದು ಒಂದೇ ಪ್ರಶ್ನೆ, ಕಬ್ಬಿಣ ಎಷ್ಟು ಸವೆಯುತ್ತದೆ ಎಂದು. ನೀರು ಏನು ಮಾಡುತ್ತದೆ ಎಂದು ಕೇಳಿರಲಿಲ್ಲ. ಅವಳ ಗಾಜಿನ ಪಾತ್ರೆಯಲ್ಲಿ ನೀರು ಎಂದೂ ಕುದ್ದಿರಲಿಲ್ಲ. ತೊಂಬತ್ತನಾಲ್ಕು ನಿಜವೇ ಆಗಿದ್ದರೂ ಈ ಔಷಧ ಮನುಷ್ಯರನ್ನು ಕೊಲ್ಲುತ್ತಿತ್ತು.

"ಯಾಕ ಹೇಳ್ಲಿಲ್ಲ ಅಬ್ಬಾ?" ಎಂದಳು. ಸಿಟ್ಟು ಈಗ ಬಂತು, ಎಲ್ಲಿತ್ತೋ ಏನೋ. "ಒಂಬತ್ತು ತಿಂಗಳು! ಪ್ರತಿ ವಾರ ನಾ ಮುಂಜಾನಿ ಎದ್ದು ತೌಡು ಕುದಿಸ್ತಿದ್ದೆ. ಹೆಂಗೈತಿ ಅಂತ ಕೇಳ್ದಾಗ ಛಲೋ ಐತಿ ಛಲೋ ಐತಿ ಅಂತಿದ್ರಿ!"

"ಏನ್ ಹೇಳ್ಲಿ? ಫೋನಿನ್ಯಾಗ ಅವತ್ತು ನೀ ನಕ್ಕಿದ್ದೆಲ್ಲ, ಅದನ್ನ ಕೇಳಿ ಎಷ್ಟು ವರ್ಷಾಗಿತ್ತು. ಶುಕ್ರವಾರ ಶುಕ್ರವಾರ ನಿನ್ನ ಮಾರಿ ನೋಡಿದ್ರ ನನ್ನ ಬಾಯಿ ಕಟ್ಟತಿತ್ತು. ಹೊಳಿಗೆ ಚೆಲ್ಲಿಬಿಡೂಣಂದ್ರ ಅದಕ್ಕೂ ಮನಸ್ಸು ಬರ್ಲಿಲ್ಲ. ನೀ ಕೈಯಾರೆ ಮಾಡಿದ್ದು."

ಗುರುಲಿಂಗಮ್ಮನೂ ಅದನ್ನೇ ಹೇಳಿದ್ದಳು, ಬೇರೆ ಮಾತಿನಲ್ಲಿ. ತನ್ನ ಮುಖ ಸಣ್ಣದಾಗಬಾರದು ಎಂದು ಒಬ್ಬರು ಎಣ್ಣೆ ಹಚ್ಚಿದರು, ಒಬ್ಬರು ಸುಳ್ಳು ಹೇಳಿದರು. ಇಷ್ಟೊಂದು ಮಂದಿಯ ಕರುಣೆಯನ್ನು ಕೂಡಿಸಿ ಅವಳು ಇನ್ನೂರ ಹದಿನಾರು ಪುಟ ಬರೆದಿದ್ದಳು. ನಗು ಬರುವಂಥ ಮಾತು, ಆದರೆ ಅವಳಿಗೆ ಬರಲಿಲ್ಲ.

ಇಬ್ಬರೂ ಹೊಟ್ಟಿನ ಚೀಲದ ಮೇಲೆ ಕೂತರು. ಹೈದರಸಾಬರು ಥೀಸಿಸ್ಸಿನ ವಿಷಯ ಕೇಳಿದರು, ಅವಳು ಹೇಳಿದಳು. ಸೋಮವಾರ ಕೊಟ್ಟರೆ ಡಾಕ್ಟರ್ ಅತೀಯಾ. ಕೊಡದಿದ್ದರೆ ನೋಂದಣಿ ರದ್ದು, ಮುಂದಿನ ವರ್ಷ ಪಾಠವೂ ಇಲ್ಲ. ಗೌತಮ ಸರ್ ಕೊಡು ಎನ್ನುತ್ತಾರೆ. ಇಲ್ಲಿ ಬಾಯ್ಲರಿಗೆ ಏನೂ ಆಗಿಲ್ಲ, ಪೈಪು ಹೊಸದು, ಕ್ಯಾನು ಹಾಕಿಲ್ಲ. ಯಾರಿಗೂ ಯಾವ ಕೇಡೂ ಇಲ್ಲ. ಹೇಳುತ್ತ ಹೇಳುತ್ತ ತಾನು ಅಪ್ಪನ ಅಪ್ಪಣೆ ಕೇಳುತ್ತಿದ್ದೇನೆ ಎಂದು ಅವಳಿಗೇ ತಿಳಿಯಿತು. ಹ್ಞೂಂ ಅನ್ನಲಿ, ಒಂದೇ ಒಂದು ಸಲ ಹ್ಞೂಂ ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು. ಸಾಕಾಗಿತ್ತು ಅವಳಿಗೆ.

"ಕಪಾಟಿನ್ಯಾಗ ಕುಂದರ್ತೈತಂತ," ಎಂದಳು. "ಯಾರೂ ಓದೂದಿಲ್ಲಂತ."

ಹೈದರಸಾಬರು ಸಾವಕಾಶವಾಗಿ ಹೇಳಿದರು: "ನಾ ಹಾಕ್ಲಿಲ್ಲ. ಯಾಕಂದ್ರ ನೀ ನನ್ನ ಮಗಳು. ಉಪ್ಪು ಮರ್ತು ಸಾರು ಮಾಡಾಕಿ ಅಂತ ನನಗ ಗೊತ್ತೈತಿ. ಕಾರಟಗಿ ಕಡೆ ಯಾವನರೆ ಬಾಯ್ಲರದಾವ ಇರ್ತಾನ. ಅವಗ ನೀ ಮಗಳಲ್ಲ, ಡಾಕ್ಟರು. ಡಾಕ್ಟರ್ ಬರದಾರಂದ್ರ ಅಂವ ಅಲ್ಲಾಡಿಸಿ ಹಾಕ್ತಾನ."

ಅತೀಯಾ ಚೂಡಿದಾರದ ತೋಳನ್ನು ಮೇಲೆ ಸರಿಸಿ ಎದ್ದಳು. ಮೊದಲನೆಯ ಕ್ಯಾನನ್ನು ಎತ್ತಿ ಬಚ್ಚಲ ಕಾಲುವೆಯ ಹತ್ತಿರ ಒಯ್ದು ಮುಚ್ಚಳ ತಿರುವಿದಳು. ಬುಸ್ ಎಂದು ನೊರೆ ಎದ್ದು ಮುಂಗೈ ತನಕ ಬಂತು. ಅದನ್ನು ನೋಡುತ್ತ ನಿಂತಳು. ನೊರೆ ಎಷ್ಟು ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಣ್ಣು ತಾನೇ ಅಳೆಯತೊಡಗಿತು. ಚಟ, ಬಿಡುವುದಿಲ್ಲ.

ಒಂದೊಂದಾಗಿ ಎಲ್ಲವನ್ನೂ ಚೆಲ್ಲಿದರು. ಮಗಳು ಎತ್ತಿ ಕೊಡುವುದು, ಅಪ್ಪ ಬೋರಲು ಹಾಕುವುದು. ಎಲ್ಲ ಮುಗಿದಾಗ ಅವಳು ಕೈ ತೊಳೆದುಕೊಂಡು ಗೌತಮ ಸರ್‌ಗೆ ಫೋನು ಹಚ್ಚಿದಳು.

"ಸರ್, ಸೋಮವಾರ ಬರೂದಿಲ್ರಿ."

"ಪೂರಾ ವಿಚಾರ ಮಾಡೀರೇನು?"

"ಇಲ್ರಿ. ವಿಚಾರ ಮಾಡಿದ್ರ ಬಂದಬಿಡ್ತೀನಿ. ಅದಕ್ಕ ಮೊದಲ ಹೇಳಾಕತ್ತೀನಿ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಬೈಯಲಿಲ್ಲ. "ಆತು" ಎಂದಷ್ಟೇ ಹೇಳಿ ಫೋನು ಇಟ್ಟರು. ಏಳು ವರ್ಷ ಮುಗಿಯಲಿಕ್ಕೆ ಅಷ್ಟೇ ಹೊತ್ತು ಹಿಡಿಯಿತು.

ಅವಳು ತಿರುಗಿ ನೋಡಿದಾಗ ಹೈದರಸಾಬರು ಕೊನೆಯ ಕ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಉಗುರಿನಿಂದ ಅದರ ಚೀಟಿಯನ್ನು ಹರಿಯದ ಹಾಗೆ ಬಿಡಿಸುತ್ತಿದ್ದರು. ಬಿಡಿಸಿದ ಚೀಟಿಗಳ ಕಟ್ಟೊಂದು ಆಗಲೇ ಅವರ ಅಂಗಿಯ ಜೇಬಿನಲ್ಲಿತ್ತು.

"ಅವನ್ನೇನ್ ಮಾಡ್ತೀರಿ ಅಬ್ಬಾ? ಎಲ್ಲಾ ಸುಳ್ಳ ಅವು."

"ಔಷಧ ಸುಳ್ಳು," ಎಂದರು ಹೈದರಸಾಬರು. "ಅಕ್ಷರ ನಿಂದ ಅಲ್ಲೇನು?"

ಕೊನೆಯ ಚೀಟಿಯನ್ನೂ ಜೇಬಿಗೆ ಸೇರಿಸಿ, ಖಾಲಿ ಕ್ಯಾನನ್ನು ನಲ್ಲಿಯ ಕೆಳಗೆ ಹಿಡಿದು ಮೂರು ಸಲ ಗಲಬರಿಸಿ ತೊಳೆದು ಅವಳ ಕೈಗೆ ಕೊಟ್ಟರು. ಶುಕ್ರವಾರ ಬರುವಾಗ ಬಾಯ್ಲರಿನ ನೀರನ್ನಷ್ಟೇ ತರುತ್ತೇನೆ, ಇದರಲ್ಲಿ ತುಂಬಿಟ್ಟುಕೊಂಡು ಅದು ಕುದಿಯುವಾಗ ಏನೇನಾಗುತ್ತದೆ ಎಂದು ಮೊದಲು ನೋಡಿಕೋ ಎಂದರು. ನೋಂದಣಿ ಇಲ್ಲದೆ, ಪಾಠ ಇಲ್ಲದೆ ಯಾರಿಗಾಗಿ ನೋಡುವುದು ಎಂದು ಅತೀಯಾ ಕೇಳಲಿಲ್ಲ. ಕ್ಯಾನನ್ನು ಚೀಲದಲ್ಲಿ ಇಡಲು ಹೋದಾಗ ಗುರುಲಿಂಗಮ್ಮ ಕೊಟ್ಟ ತೆಂಗಿನ ಹೋಳು ಸಿಕ್ಕಿತು. ಅದನ್ನು ಎರಡು ಮಾಡಿ ದೊಡ್ಡದನ್ನು ಅಪ್ಪನಿಗೆ ಕೊಟ್ಟಳು. ಇಬ್ಬರೂ ಆರಿದ ಬಾಯ್ಲರಿನ ಮುಂದೆ ಕೂತು ತಿಂದರು.